ಶಾಲೆಯ ಗೇಟಿನಿಂದ ಮನೆ ಬಾಗಿಲವರೆಗೆ ಯಾರ ಹೊಣೆ?

ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಪತ್ರದ ಸಾರಾಂಶ: ‘ನನ್ನ ತಂಗಿಯ ಮಗ ಎಂಟನೇ ತರಗತಿ ಓದುತ್ತಾನೆ. ಮಾತು ಸ್ವಲ್ಪ ತೊದಲುತ್ತದೆ. ಸಂಜೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾಲ್ಕು ಜನ ದೊಡ್ಡ ಹುಡುಗರು ಅವನ ಮಾತನ್ನು ಅಣಕಿಸುತ್ತಾರೆ, ಬ್ಯಾಗು ಕಿತ್ತು ಎಸೆದಾಡುತ್ತಾರೆ, ದುಡ್ಡು ಕಸಿಯುತ್ತಾರೆ. ಗೇಟು ದಾಟಿದ ಮೇಲೆ ನಮ್ಮ ಜವಾಬ್ದಾರಿ ಅಲ್ಲ ಎಂದರು ಮುಖ್ಯೋಪಾಧ್ಯಾಯರು. ಠಾಣೆಯಲ್ಲಿ ಮಕ್ಕಳ ಜಗಳ ಎಂದರು. ಪಂಚಾಯ್ತಿ ಸದಸ್ಯರೊಬ್ಬರು ಎರಡೂ ಕಡೆಯವರನ್ನು ಕರೆಸಿ ಕೈ ಕುಲುಕಿಸಿ ಕಳಿಸಿದರು. ಮಾರನೇ ವಾರದಿಂದ ಕಾಟ ದುಪ್ಪಟ್ಟಾಯಿತು. ಇದು ಪಂಚಾಯ್ತಿಯ ಕೆಲಸ ಹೌದೋ ಅಲ್ಲವೋ? ಹೌದಾದರೆ ಅದು ಏನು ಮಾಡಬೇಕು?’

ಮಾನ್ಯರೇ,

ಹೌದು, ಪಂಚಾಯ್ತಿಯ ಕೆಲಸವೇ. ಸದಸ್ಯರು ಒಳ್ಳೆಯ ಮನಸ್ಸಿನಿಂದಲೇ ಕರೆಸಿದ್ದಿರಬಹುದು, ಆದರೆ ಅವರು ಹಿಡಿದ ದಾರಿ ಸರಿಯಿಲ್ಲ. ರಾಜಿ ಮಾಡಿಸುವುದು ನಮ್ಮ ಊರುಗಳಿಗೆ ರೂಢಿಯಾಗಿದೆ. ಬೇಲಿ ತಕರಾರಿಗೆ, ನೀರಿನ ಸರದಿಗೆ ಅದು ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಇಬ್ಬರಿಗೂ ಒಂದಿಷ್ಟು ಬಲ ಇರುತ್ತದೆ, ಇಬ್ಬರದೂ ಒಂದಿಷ್ಟು ತಪ್ಪಿರುತ್ತದೆ. ನಾಲ್ವರು ಸೇರಿ ಒಬ್ಬನನ್ನು ದಿನಾ ಹಿಡಿದು ಕಾಡಿಸುವುದು ಜಗಳದ ಲೆಕ್ಕಕ್ಕೆ ಬರುವುದಿಲ್ಲ. ಇಂಥದ್ದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದ್ದಾರೆ: ನೋಯಿಸುವ ಉದ್ದೇಶ ಇರಬೇಕು, ಮತ್ತೆ ಮತ್ತೆ ನಡೆಯಬೇಕು, ಬಲ ಒಂದೇ ಕಡೆ ಇರಬೇಕು. ಮೂರೂ ಇದ್ದಲ್ಲಿ ಎದುರುಬದುರು ಕೂರಿಸಿದರೆ ಕಾಡಿಸುವವರಿಗೆ ಎರಡು ಸಂಗತಿ ಗೊತ್ತಾಗುತ್ತವೆ. ಹುಡುಗ ಬಾಯಿಬಿಟ್ಟಿದ್ದಾನೆ, ಬಾಯಿಬಿಟ್ಟರೂ ತಮಗೇನೂ ಆಗುವುದಿಲ್ಲ. ಮಾರನೇ ವಾರ ಕಾಟ ಹೆಚ್ಚಿದ್ದು ಅದಕ್ಕೇ.

ಪಂಚಾಯ್ತಿಗೆ ಶಿಕ್ಷಿಸುವ ಅಧಿಕಾರ ಇಲ್ಲ. ಹುಡುಗರಿಗೆ ದಂಡ ಹಾಕುವಂತಿಲ್ಲ, ಅರಳಿಕಟ್ಟೆ ಮುಂದೆ ಕ್ಷಮೆ ಕೇಳಿಸುವಂತಿಲ್ಲ, ಬಸ್ಕಿ ಹೊಡೆಸುವಂತಿಲ್ಲ. ಅದರ ಕೈಲಿರುವುದು ಜಾಗ, ಬೆಳಕು, ಹೊತ್ತು, ಮತ್ತು ಹೊಣೆ ಹೊರುವ ಹಿರಿಯರು. ಶಾಲೆಯ ಗೇಟಿಗೂ ಮನೆಯ ಬಾಗಿಲಿಗೂ ನಡುವೆ ಇರುವ ರಸ್ತೆ, ತಂಗುದಾಣ, ಮೋರಿ, ಬೀದಿದೀಪ, ಗ್ರಂಥಾಲಯ ಬಹುಮಟ್ಟಿಗೆ ಪಂಚಾಯ್ತಿಯ ಸುಪರ್ದಿನಲ್ಲಿವೆ. ಕಾಟ ನಡೆಯುವುದೂ ಹೆಚ್ಚಾಗಿ ಅಲ್ಲೇ, ದೊಡ್ಡವರ ಕಣ್ಣು ತಪ್ಪಿದ ಕಡೆ.

ಕಾನೂನಿನ ಆಧಾರವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 9ನೇ ಕಲಂ ದುರ್ಬಲ ವರ್ಗದ, ಅವಕಾಶವಂಚಿತ ಗುಂಪಿನ ಮಕ್ಕಳಿಗೆ ತಾರತಮ್ಯ ಆಗದಂತೆ, ಅವರ ಓದು ಯಾವ ಕಾರಣಕ್ಕೂ ನಿಲ್ಲದಂತೆ ನೋಡಿಕೊಳ್ಳುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎನ್ನುತ್ತದೆ. 32ನೇ ಕಲಂ ಪ್ರಕಾರ ಮಗುವಿನ ಶಿಕ್ಷಣದ ಹಕ್ಕಿಗೆ ಧಕ್ಕೆ ಬಂದರೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಎರಡೂ ಕಡೆ ಕೇಳಿ 3 ತಿಂಗಳೊಳಗೆ ತೀರ್ಮಾನಿಸಬೇಕು, ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಈ ಕಾಯ್ದೆ 6ರಿಂದ 14 ವರ್ಷದವರಿಗೆ. ಹುಡುಗ ಹೆದರಿ ಶಾಲೆ ತಪ್ಪಿಸುತ್ತಿದ್ದರೆ ಆ ದಿನಗಳನ್ನು ಹಾಜರಿ ಪುಸ್ತಕದಿಂದ ಬರೆದುಕೊಳ್ಳಿ, ದೂರಿಗೆ ಅದೇ ಗಟ್ಟಿ ಆಧಾರ. 3 ತಿಂಗಳು ಒಬ್ಬ ಮಗುವಿಗೆ ತೀರಾ ದೀರ್ಘ ಕಾಲ, ನಿಜ. ಆದರೆ ಲಿಖಿತ ದೂರು ಕೈಗೆ ಬಂದ ಮೇಲೆ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎನ್ನಲು ಪಂಚಾಯ್ತಿಗೆ ಆಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದರೆ, ನಕ್ಷೆಯಿಂದ. ಆರರಿಂದ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಪೀರಿಯಡ್ ಕೊಟ್ಟು, ಹುಡುಗಿಯರನ್ನೂ ಹುಡುಗರನ್ನೂ ಬೇರೆ ಬೇರೆ ಕೂರಿಸಿ, ಮನೆಯಿಂದ ಶಾಲೆವರೆಗಿನ ದಾರಿಯನ್ನು ಬಿಳಿ ಹಾಳೆಯಲ್ಲಿ ಬರೆಯಲು ಹೇಳಬೇಕು. ಭಯ ಆಗುವ ಕಡೆ ಕೆಂಪು ಚುಕ್ಕೆ, ಪಕ್ಕದಲ್ಲಿ ಹೊತ್ತು. ಧೈರ್ಯ ಬರುವ ಕಡೆ ಹಸಿರು ಚುಕ್ಕೆ. ಹೆಸರು ಬರೆಯುವುದು ಬೇಡ, ತಮ್ಮದೂ ಬೇಡ, ಕಾಡಿಸುವವರದೂ ಬೇಡ. ‘ಯಾರು’ ಎಂದು ಕೇಳಿದ ಕೂಡಲೇ ಮಕ್ಕಳು ಪೆನ್ಸಿಲ್ ಕೆಳಗಿಡುತ್ತಾರೆ. ‘ಎಲ್ಲಿ, ಎಷ್ಟು ಹೊತ್ತಿಗೆ’ ಎಂದರೆ ಬರೆಯುತ್ತಾರೆ. ಮೇಷ್ಟ್ರು ಬೆಂಚುಗಳ ನಡುವೆ ಓಡಾಡಿ ಹಾಳೆ ಇಣುಕಬಾರದು. ಎಲ್ಲ ಹಾಳೆಗಳ ಚುಕ್ಕೆಗಳನ್ನೂ ಒಂದೇ ದೊಡ್ಡ ನಕ್ಷೆಗೆ ಇಳಿಸಿದಾಗ ಕೆಂಪು ಕೆಲವೇ ಕಡೆ ಒತ್ತಾಗಿ ಬೀಳುತ್ತದೆ: ಶೌಚಾಲಯದ ಹಿಂಭಾಗ, ತಂಗುದಾಣ, ಬಸ್ಸಿನ ಹಿಂದಿನ ಸೀಟು, ತೋಟದ ನಡುವಿನ ಒಂದು ತಿರುವು. ಮುಂದಿನ ಕೆಲಸದ ಪಟ್ಟಿ ಆ ನಕ್ಷೆಯೇ.

ತಂಗುದಾಣವನ್ನೇ ನೋಡಿ. ಮಲೆನಾಡಿನಲ್ಲಿ ಇರಚಲಿಗೆ ಹೆದರಿ ಮೂರು ಕಡೆಯೂ ಸೂರಿನವರೆಗೆ ಗೋಡೆ ಕಟ್ಟುತ್ತಾರೆ. ಒಳಗೆ ಏನು ನಡೆದರೂ ಪಕ್ಕದ ಅಂಗಡಿಯವರಿಗೆ ಕಾಣುವುದಿಲ್ಲ. ಕೂತವರ ಭುಜದೆತ್ತರಕ್ಕೆ ಗೋಡೆ ನಿಲ್ಲಿಸಿ, ಮೇಲೆ ಕಬ್ಬಿಣದ ಸರಳು ಹಾಕಿ, ಸೂರನ್ನು ಎರಡು ಮೂರು ಅಡಿ ಹೊರಕ್ಕೆ ಚಾಚಿದರೆ ಇರಚಲು ತಡೆಯುತ್ತದೆ, ಒಳಗಿರುವವರೂ ಕಾಣುತ್ತಾರೆ. ಹಿಂಬದಿಯ ಲಂಟಾನ ಪೊದೆ ಮಳೆಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಸವರಿಸಬೇಕು. ದೀಪದ ವಿಷಯದಲ್ಲಿ ಒಂದು ಎಚ್ಚರಿಕೆ: ಸಿಲ್ವರ್ ಓಕ್ ನೆರಳಿನಲ್ಲಿ ಸೋಲಾರ್ ದೀಪ ನೆಟ್ಟರೆ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಸಂಜೆಯೇ ಆರುತ್ತದೆ. ಮೋಡ ಒಂದು ಕಡೆ, ಮರದ ನೆರಳು ಇನ್ನೊಂದು ಕಡೆ, ಬ್ಯಾಟರಿ ತುಂಬುವುದೇ ಇಲ್ಲ. ಕಂಬದ ಲೈನು ಹತ್ತಿರವಿದ್ದರೆ ಹಾಸನ ಜಿಲ್ಲೆಯಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಮೂಲಕ ವಿದ್ಯುತ್ ಸಂಪರ್ಕ ಪಡೆಯುವುದು ಮೇಲು. ಸೋಲಾರೇ ಬೇಕಾದರೆ ಪ್ಯಾನಲ್ಲನ್ನು ನೆರಳು ಬೀಳದ ಕಡೆ ಬೇರೆ ಕಂಬಕ್ಕೆ ಕಟ್ಟಿ ವೈರು ಎಳೆಯಬೇಕು.

‘ಬೇರೆ ದಾರೀಲಿ ಬಾ’ ಎಂದು ಕಾಟ ತಿನ್ನುವ ಮಗುವಿಗೆ ಹೇಳುವವರಿದ್ದಾರೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆ ಮಾತು ಅಪಾಯಕಾರಿ. ಕಾಡಾನೆ ಓಡಾಡುವ ತೋಟದ ಕಾಲುದಾರಿಗೆ ಒಂಟಿ ಹುಡುಗನನ್ನು ಅಟ್ಟಿದಂತಾಗುತ್ತದೆ. ಮಗು ಅದೇ ತಂಗುದಾಣದಲ್ಲಿ, ಅದೇ ಬಸ್ಸಿಗೆ ಕಾಯಲೇಬೇಕು. ಬದಲಾಗಬೇಕಾದ್ದು ಕಾಯುವ ಆ ಹೊತ್ತು.

ಅದಕ್ಕೆ ಎರಡು ದಾರಿ. ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಮೊದಲನೆಯದು. ಶಾಲೆ ಬಿಡುವ ವೇಳೆ, ಬಸ್ಸಿನ ವೇಳೆ, ಕಾಯುವ ಮಕ್ಕಳ ಸಂಖ್ಯೆ ಮೂರನ್ನೂ ಬರೆದು ಗ್ರಾಮಸಭೆಯ ನಿರ್ಣಯದೊಂದಿಗೆ ಕೆಎಸ್‌ಆರ್‌ಟಿಸಿ ಡಿಪೊ ವ್ಯವಸ್ಥಾಪಕರಿಗೆ ಕೊಟ್ಟರೆ, ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡುವುದು ಹಲವು ಮಾರ್ಗಗಳಲ್ಲಿ ಆಗುವ ಕೆಲಸ. ಬರಿ ಬಾಯಿಮಾತಿನ ಕೋರಿಕೆಗೆ ಅಲ್ಲಿ ಬೆಲೆ ಇಲ್ಲ. ಎರಡನೆಯದು, ಆ ಹೊತ್ತಿಗೆ ದೊಡ್ಡವರ ಕಣ್ಣು ಒದಗಿಸುವುದು. ಪಂಚಾಯ್ತಿಯ ಅರಿವು ಕೇಂದ್ರ, ಅಂದರೆ ಗ್ರಂಥಾಲಯ, ತಂಗುದಾಣದ ಹತ್ತಿರವಿದ್ದರೆ ಬಸ್ಸು ಬರುವವರೆಗೆ ಅದರ ಬಾಗಿಲು ತೆರೆದಿರಬೇಕು. ಹತ್ತಿರ ಇಲ್ಲದಿದ್ದರೆ ತಂಗುದಾಣ ಕಾಣುವಂತೆ ಕೂರುವ ಇಬ್ಬರನ್ನು, ದಿನಸಿ ಅಂಗಡಿಯವರೋ ಆಟೊ ನಿಲ್ದಾಣದವರೋ ಟೈಲರೋ, ಗುರುತಿಸಿ ಒಪ್ಪಿಸಬೇಕು. ಒಬ್ಬರೇ ಆದರೆ ಅವರು ಸಂತೆಗೆ ಹೋದ ದಿನವೇ ಕಾಟ ನಡೆಯುತ್ತದೆ, ಆದ್ದರಿಂದ ಇಬ್ಬರು. ಪೊಲೀಸರಿಂದ ಅವರ ಹಿನ್ನೆಲೆ ವಿಚಾರಿಸಿರಬೇಕು. ಮಗುವನ್ನು ಒಂಟಿಯಾಗಿ ಒಳಕ್ಕೆ ಕರೆಯಬಾರದು, ಹುಡುಗರ ಮೇಲೆ ಕೈ ಮಾಡಬಾರದು. ಎದ್ದು ಬಂದು ‘ಏನ್ರೋ ಅದು, ಬ್ಯಾಗು ಕೊಡ್ರೋ’ ಎಂದು ಹತ್ತಿರ ನಿಂತರೆ ಸಾಕು, ಆಮೇಲೆ ದಿನಾಂಕ ಬರೆದಿಡುವುದು. ಓಲ್ವೇಯಸ್ ಅವರ ಕಾರ್ಯಕ್ರಮ ನಾರ್ವೆಯ ಶಾಲೆಗಳಲ್ಲಿ 1983ರಿಂದ ನಡೆಯಿತು. ಬಿಡುವಿನ ವೇಳೆಯಲ್ಲಿ ದೊಡ್ಡವರು ಮೈದಾನದಲ್ಲಿ ಇರಬೇಕು ಎಂಬುದು ಅದರ ಮುಖ್ಯ ಅಂಗಗಳಲ್ಲಿ ಒಂದು. ನಮ್ಮ ತಂಗುದಾಣಕ್ಕೂ ಅದೇ ಅನ್ವಯ.

ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯಬೇಕೆಂಬ ಸರ್ಕಾರದ ಆದೇಶ ಇದೆ, ನಡೆಯುತ್ತಲೂ ಇದೆ. ಹೇಗೆ ಎಂಬುದರ ಬಗ್ಗೆ ನಮಗೆ ಬೇಸರವಿದೆ. ಶಾಮಿಯಾನ, ಹಾರ, ಗಂಟೆಗಟ್ಟಲೆ ಭಾಷಣ, ಕೊನೆಗೆ ಚುರುಕಾದ ಇಬ್ಬರು ಮಕ್ಕಳು ಮೇಷ್ಟ್ರು ಬರೆದುಕೊಟ್ಟ ಪ್ರಶ್ನೆ ಓದುವುದು. ಮೂರನೇ ಸಾಲಿನಲ್ಲಿ ಕಾಡಿಸುವವನೇ ಕೂತಿರುವಾಗ ಯಾವ ಮಗುವೂ ಮೈಕು ಹಿಡಿದು ‘ನನ್ನನ್ನು ಹೊಡೀತಾರೆ’ ಎನ್ನಲಾರದು. ನಕ್ಷೆಯ ಕೆಲಸ ಸಭೆಗೆ ಎರಡು ವಾರ ಮೊದಲೇ ಮುಗಿಯಬೇಕು. ಸಭೆಯಲ್ಲಿ ಜಾಗ, ದೀಪ, ಬಸ್ಸಿನ ವಿಷಯ ಮಾತ್ರ ಬರಬೇಕು. ಹೋದ ವರ್ಷದ ನಿರ್ಣಯಗಳಲ್ಲಿ ಯಾವುದಾಯಿತು, ಯಾವುದಾಗಲಿಲ್ಲ, ಏಕೆ ಎಂಬುದನ್ನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಎಲ್ಲಕ್ಕೂ ಮೊದಲು ಓದಬೇಕು.

ವೈಯಕ್ತಿಕ ದೂರುಗಳಿಗೆ ಪೆಟ್ಟಿಗೆ ಇಡಬಹುದು. ಅದು ಮುಖ್ಯೋಪಾಧ್ಯಾಯರ ಕೊಠಡಿ ಎದುರಿಗಿದ್ದರೆ ಖಾಲಿಯೇ ಉಳಿಯುತ್ತದೆ, ಚೀಟಿ ಹಾಕಿದವರು ಯಾರೆಂದು ಎಲ್ಲರಿಗೂ ಕಾಣುತ್ತದಲ್ಲ. ನೀರಿನ ನಲ್ಲಿ ಹತ್ತಿರವೋ ಗ್ರಂಥಾಲಯದ ಕಪಾಟಿನ ಪಕ್ಕದಲ್ಲೋ ಇರಲಿ. ಬೀಗದ ಕೈ ಶಾಲೆಯ ಹೊರಗಿನವರ ಬಳಿ ಇರಬೇಕು, ವಾರಕ್ಕೊಮ್ಮೆ ಗೊತ್ತಾದ ದಿನ ಇಬ್ಬರು ಸೇರಿ ತೆರೆಯಬೇಕು. ಪಂಚಾಯ್ತಿಯ ಸಾಮಾಜಿಕ ನ್ಯಾಯ ಸಮಿತಿಯ ಒಬ್ಬ ಸದಸ್ಯೆ ಮತ್ತು ಆಶಾ ಕಾರ್ಯಕರ್ತೆ ಈ ಕೆಲಸಕ್ಕೆ ಹೊಂದುತ್ತಾರೆ. ಪ್ರತಿ ದೂರಿಗೂ ಒಂದು ಕ್ರಮಸಂಖ್ಯೆ, ದಿನಾಂಕ, ಜಾಗ, ಹೊತ್ತು, ನಡೆದದ್ದು, ಕೈಗೊಂಡ ಕ್ರಮ ಪುಸ್ತಕದಲ್ಲಿ ದಾಖಲಾಗಲಿ. ಹೆಸರುಗಳು ಪ್ರತ್ಯೇಕ ಹಾಳೆಯಲ್ಲಿ, ಬೀಗದೊಳಗೆ. ಸಭಾ ನಡವಳಿಗೆ ಮಗುವಿನ ಹೆಸರು ಹೋಗಬಾರದು, ವಾಟ್ಸಾಪ್ ಗುಂಪಿಗಂತೂ ಖಂಡಿತ ಬೇಡ.

ಕಾಡಿಸುವ ಹುಡುಗರ ಜತೆ ಮಾತಾಡಲೇಬೇಕು, ಅದಕ್ಕೊಂದು ರೀತಿ ಇದೆ. ನಾಲ್ವರನ್ನೂ ಒಂದೇ ದಿನ, ಒಬ್ಬೊಬ್ಬರನ್ನಾಗಿ, ಪೋಷಕರ ಎದುರು ಮಾತಾಡಿಸಬೇಕು. ಒಟ್ಟಿಗೆ ಕೂರಿಸಿದರೆ ಒಬ್ಬರ ಮುಖ ಒಬ್ಬರು ನೋಡಿ ಗಟ್ಟಿಯಾಗುತ್ತಾರೆ. ನಾಳೆಗೆ ಬಿಟ್ಟರೆ ಮಾತು ಹೊಂದಿಸಿಕೊಂಡು ಬರುತ್ತಾರೆ. ‘ನೀನು ಪೋಲಿ’ ಎಂದರೆ ಏನೂ ಹುಟ್ಟುವುದಿಲ್ಲ. ‘ಬುಧವಾರ ಸಂಜೆ ಬ್ಯಾಗು ಮೋರಿಗೆ ಬಿತ್ತು. ಇದು ನಿಲ್ಲಬೇಕು. ಸೋಮವಾರ ಮತ್ತೆ ವಿಚಾರಿಸುತ್ತೇವೆ’ ಎಂದು ನಡೆದದ್ದನ್ನು ನೇರ ಹೇಳಬೇಕು, ಮತ್ತು ಸೋಮವಾರ ನಿಜಕ್ಕೂ ವಿಚಾರಿಸಬೇಕು. ಮೂರು ದಿನದ ಮೇಲೊಮ್ಮೆ, ಎರಡು ವಾರದ ಮೇಲೊಮ್ಮೆ, ತಿಂಗಳಾದ ಮೇಲೊಮ್ಮೆ ನಿಮ್ಮ ಹುಡುಗನನ್ನು ಬೇರೆಯಾಗಿ ಕೇಳುವುದು ಇದರ ಇನ್ನರ್ಧ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ: ಮೊದಲ ಬಿಸಿಯಲ್ಲಿ ಎಲ್ಲರೂ ಬರುತ್ತಾರೆ, ಎರಡನೇ ಸಲ ಕೇಳಲು ಯಾರೂ ಇರುವುದಿಲ್ಲ. ಆ ನಾಲ್ವರೂ ಮಕ್ಕಳೇ ಎಂಬುದನ್ನು ಮರೆಯಬಾರದು. ಅವರಲ್ಲಿ ಯಾರಾದರೂ ಮನೆಯಲ್ಲಿ ದಿನಾ ಏಟು ತಿನ್ನುತ್ತಿದ್ದರೆ ಅದೂ ಮಕ್ಕಳ ರಕ್ಷಣಾ ಸಮಿತಿಯ ಮುಂದೆ ಬರಬೇಕಾದ ವಿಷಯ. ನೋಡುತ್ತ ನಿಲ್ಲುವ ಮಕ್ಕಳನ್ನೂ ಬಿಡಬೇಡಿ. ಅವರು ನಗುವುದನ್ನು ನಿಲ್ಲಿಸಿದರೆ, ಇಬ್ಬರು ನಿಮ್ಮ ಹುಡುಗನ ಪಕ್ಕ ಬಂದು ಕೂತರೆ, ಕಾಡಿಸುವವರ ಉಮೇದು ಇಳಿಯುತ್ತದೆ. ಫಿನ್ಲೆಂಡಿನ ಕಿವಾ ಎಂಬ ಶಾಲಾ ಕಾರ್ಯಕ್ರಮ ನಿಂತಿರುವುದೇ ಈ ತಿಳಿವಳಿಕೆಯ ಮೇಲೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ತೋಟದ ಕೂಲಿಯವರ ಲೈನ್ ಮನೆಗಳಿಗೆ ಅಸ್ಸಾಂನಿಂದ, ಬಯಲುಸೀಮೆಯಿಂದ ಕುಟುಂಬಗಳು ಬರುತ್ತವೆ. ವರ್ಷದ ನಡುವೆ ತರಗತಿಗೆ ಸೇರುವ, ಕನ್ನಡ ಬಾರದ, ಅಪ್ಪ ಅಮ್ಮ ಕತ್ತಲಾದ ಮೇಲೆ ಮನೆಗೆ ಬರುವ ಆ ಮಕ್ಕಳು ಎಲ್ಲರಿಗಿಂತ ಸುಲಭಕ್ಕೆ ಸಿಗುತ್ತಾರೆ, ದೂರು ಕೊಡಲು ಅವರಿಗೆ ಭಾಷೆಯೂ ಇಲ್ಲ. ಕೊಯ್ಲು ಶುರುವಾದ ವಾರವೇ ಪಂಚಾಯ್ತಿ ತೋಟದ ರೈಟರುಗಳಿಂದ (ಲೆಕ್ಕ ಬರೆಯುವವರಿಂದ) ಮಕ್ಕಳ ಪಟ್ಟಿ ಪಡೆದು, ಅದೇ ಲೈನಿನ ದೊಡ್ಡ ಮಗುವೊಂದನ್ನು ಪ್ರತಿ ಹೊಸ ಮಗುವಿಗೂ ಜತೆ ಮಾಡಬೇಕು.

ಕೆಲವು ವಿಷಯಗಳನ್ನು ಪಂಚಾಯ್ತಿ ಕೈಯಲ್ಲಿ ಇಟ್ಟುಕೊಳ್ಳಲೇಬಾರದು. ಲೈಂಗಿಕ ಸ್ವರೂಪದ್ದು ಏನೇ ಇರಲಿ, ಪೋಕ್ಸೊ ಕಾಯ್ದೆ 2012ರ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗುತ್ತದೆ. ಅಂಗವಿಕಲರನ್ನು ಬೇಕೆಂದೇ ಸಾರ್ವಜನಿಕವಾಗಿ ಅವಮಾನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂನಂತೆ 6 ತಿಂಗಳಿಂದ 5 ವರ್ಷ ಶಿಕ್ಷೆ. ಗಾಯವಾಗಿದ್ದರೆ, ವಿಡಿಯೊ ಮಾಡಿ ಹಂಚಿದ್ದರೆ, ಮಗು ಸಾಯುವ ಮಾತಾಡಿದರೆ ಆ ದಿನವೇ ಮುಂದಿನ ಹೆಜ್ಜೆ ಇಡಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416. ಠಾಣೆಯಲ್ಲಿ ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ’ ಯಾರೆಂದು ಕೇಳಿ. ಪ್ರತಿ ಠಾಣೆಯಲ್ಲೂ ಒಬ್ಬರು ಇರಬೇಕೆಂದು ಬಾಲನ್ಯಾಯ ಕಾಯ್ದೆ 2015 ಹೇಳುತ್ತದೆ.

ಈ ವಾರ ನೀವು ಮಾಡಬೇಕಾದ್ದು: ಹುಡುಗನಿಂದ ದಿನಾಂಕ, ಹೊತ್ತು, ಜಾಗ ಕೇಳಿ ಒಂದು ಪುಟಕ್ಕೆ ಮೀರದಂತೆ ಬರೆಯಿರಿ. ತಂಗಿಯ ಸಹಿ ಹಾಕಿಸಿ, ಪಿಡಿಒ ಅವರಿಗೆ ಕೊಟ್ಟು ಮೊಹರು, ದಿನಾಂಕ ಇರುವ ಸ್ವೀಕೃತಿ ಪಡೆಯಿರಿ. ಪ್ರತಿಗಳು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ, ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ‘ಶಿಕ್ಷಿಸಿ’ ಎಂದು ಬರೆಯಬೇಡಿ. ಸಂಜೆ ತಂಗುದಾಣದಲ್ಲಿ ಇಬ್ಬರು ಹಿರಿಯರು, ಗ್ರಂಥಾಲಯದ ವೇಳೆ ವಿಸ್ತರಣೆ, ನಾಲ್ವರ ಪೋಷಕರ ಜತೆ ಪ್ರತ್ಯೇಕ ಮಾತು, ಈ ಮೂರನ್ನೇ ಕೇಳಿ. ಪಿಡಿಒ ತೆಗೆದುಕೊಳ್ಳದಿದ್ದರೆ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮತ್ತೆ ಯಾರಾದರೂ ರಾಜಿಗೆ ಕರೆದರೆ ನಿಮ್ಮ ತಂಗಿ ಹೋಗಲಿ, ಹುಡುಗನನ್ನು ಕರೆದುಕೊಂಡು ಹೋಗುವುದು ಬೇಡ.

– ಸಂಪಾದಕ