ಹೊಸ ಮಡ್‌ಗಾರ್ಡ್ ಕೂರುತ್ತಿಲ್ಲ, ಕತ್ತರಿಸಲಾ?

ಪ್ರಶ್ನೆ: ತಾತನ 1967ರ ಎಂಜಿಬಿ ಓಪನ್ ಕಾರನ್ನು ರಿಪೇರಿ ಮಾಡಿಸುತ್ತಿದ್ದೇನೆ. ಎಸ್ಟೇಟ್ ಶೆಡ್‌ನಲ್ಲಿ ನಿಂತು ಕೆಳಗೆಲ್ಲ ತುಕ್ಕು. ಇಂಗ್ಲೆಂಡಿನಿಂದ ಮುಂದಿನ ಮಡ್‌ಗಾರ್ಡ್, ಸಿಲ್ (ಬಾಗಿಲ ಕೆಳಗೆ ಉದ್ದಕ್ಕೂ ಬರೋ ತಗಡಿನ ಪಟ್ಟಿ) ತರಿಸಿದೆ. ಎಡಗಡೆ ಮಡ್‌ಗಾರ್ಡ್ ಬೋಲ್ಟ್ ಹಾಕಿ ನೋಡಿದರೆ ಬಾಗಿಲಿಗೆ ಮೇಲೆ ತಾಗುತ್ತೆ, ಕೆಳಗೆ ಬೆರಳು ತೂರುತ್ತೆ. ಅಂಚು ಕತ್ತರಿಸೋಣ ಅಂತಾರೆ ಟಿಂಕರ್. ಮಾಲೇ ಸರಿಯಿಲ್ವಾ ಸರ್?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಮೊದಲು ಕಟರ್ ಕೆಳಗಿಡಿಸಿ. ಹೊರಗಿನ ಕಂಪನಿ ಮಾಲಿಗೆ ಅಲ್ಲಿಲ್ಲಿ ತಟ್ಟೋದು, ತೂತು ಅಗಲ ಮಾಡೋದು ಇದ್ದೇ ಇರುತ್ತೆ. ಆದರೆ ನೀವು ಹೇಳಿದ್ದು ಕೇಳಿದರೆ ನನಗೆ ಅನುಮಾನ ಮಡ್‌ಗಾರ್ಡ್ ಮೇಲಲ್ಲ, ಬಾಗಿಲ ಮೇಲೆ.

ಈ ಕಾರಿಗೆ ಬೇರೆ ಚಾಸಿ ಇಲ್ಲ. ಓಪನ್ ಕಾರಾದ್ದರಿಂದ ಮೇಲೆ ಟಾಪಿನ ಆಸರೆಯೂ ಇಲ್ಲ. ನಡುವಿನ ಭಾರವನ್ನು ಹೆಚ್ಚಾಗಿ ಹೊರೋದು ಸಿಲ್ಲೇ. ಅದು ತುಕ್ಕು ತಿಂದರೆ ನಡು ಕುಸಿಯುತ್ತೆ, ಬಾಗಿಲಿನ ಹಿಂಭಾಗ ಇಳಿಯುತ್ತೆ, ಲಾಕ್ ಬೀಳಲ್ಲ. ಆಗ ಯಾರೋ ಹಿಂಜ್‌ಗೆ ತಗಡು ಕೊಟ್ಟು ಬಾಗಿಲ ಹಿಂಭಾಗ ಎತ್ತಿರುತ್ತಾರೆ. ಹಿಂದೆ ಎತ್ತಿದರೆ ಬಾಗಿಲಿನ ಮುಂದಿನ ಮೇಲಂಚು ಮಡ್‌ಗಾರ್ಡ್ ಕಡೆ ವಾಲುತ್ತೆ, ಕೆಳಗೆ ಸಂದಿ ಬಿಡುತ್ತೆ. ನಿಮ್ಮ ಕಥೆಯೂ ಇದೇ ಅಲ್ವಾ?

ಹೀಗೆ ನೋಡಿ. ಕಾರು ಚಕ್ರದ ಮೇಲೆ ನಿಂತಿರಲಿ. ಬಾಗಿಲು ಮುಚ್ಚಿ ಹಿಂದಿನ ಸಂದಿ ಅಳೆಯಿರಿ. ಆಮೇಲೆ ಮುಂದಿನ ಕ್ರಾಸ್‌ಮೆಂಬರ್‌ಗೆ (ಮುಂದಿನ ಚಕ್ರಗಳ ನಡುವಿನ ಅಡ್ಡ ತೊಲೆಗೆ) ಜಾಕ್ ಕೊಟ್ಟು ಎತ್ತಿ ಮತ್ತೆ ಅಳೆಯಿರಿ. ಅಳತೆ ಬದಲಾಯಿತು ಅಂದರೆ ಬಾಡಿ ಬಳುಕುತ್ತಿದೆ. ಮಡ್‌ಗಾರ್ಡ್ ಬಿಚ್ಚಿ ಪಕ್ಕಕ್ಕಿಡಿ.

ಸಿಲ್ ಕೆಲಸ ಮೊದಲು. ಬಾಗಿಲ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿಯಿರಿ. ಒಂದು ಕಡೆ ಪೂರ್ತಿ ಮುಗಿಯೋವರೆಗೂ ಇನ್ನೊಂದು ಕಡೆ ಮುಟ್ಟಬೇಡಿ. ಹೊರಗಿನ ಸಿಲ್ ತೆಗೆದಾಗ ಒಳಗಿನ ಪದರ, ಅದರ ಕೆಳಗಿನ ಉದ್ದ ಪಟ್ಟಿ (ರೈಲು) ಎರಡನ್ನೂ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಕೊಳೆತ ತಗಡಿನ ಮೇಲೆ ಹೊಸದು ಹೊದಿಸಿ ಮುಗಿಸೋ ಟಿಂಕರ್‌ಗಳು ಜಾಸ್ತಿ. ನಾನಂತೂ ಒಪ್ಪಲ್ಲ. ಪೂರ್ತಿ ವೆಲ್ಡ್ ಎಳೆಯೋ ಮುಂಚೆ ಅಲ್ಲಲ್ಲಿ ಚುಕ್ಕಿ ವೆಲ್ಡ್ (ಟ್ಯಾಕ್) ಹಾಕಿ, ಬಾಗಿಲು ತೂಗುಹಾಕಿ ನೋಡಲೇಬೇಕು.

ಆಮೇಲೆ ಬಾಗಿಲನ್ನು ಹಿಂದಿನ ಮಡ್‌ಗಾರ್ಡ್‌ಗೆ ಹೊಂದಿಸಿ. ಅದು ಬಾಡಿಗೇ ವೆಲ್ಡ್ ಆಗಿರುತ್ತೆ, ಅಲ್ಲಾಡಿಸೋಕಾಗಲ್ಲ. ಮುಂದಿನದು ಬರೀ ಬೋಲ್ಟ್ ಮೇಲೆ ಕೂರೋದು, ಹಾಗಾಗಿ ಅದು ಬಾಗಿಲ ಅಂಚನ್ನು ಅನುಸರಿಸಬೇಕು. ಎಲ್ಲಾ ಬೋಲ್ಟ್ ಸಡಿಲ ಹಾಕಿ, ಸರಿಸಿ ನೋಡಿ, ಕೊನೆಗೆ ಬಿಗಿಯಿರಿ. ಬಾನೆಟ್ ಎಲ್ಲಕ್ಕಿಂತ ಕಡೆಗೆ. ನಿಮ್ಮ ಮಾಡೆಲ್‌ಗೆ ಬಂದಿದ್ದು ಅಲ್ಯೂಮಿನಿಯಂ ಬಾನೆಟ್, ಅದರ ಮೇಲೆ ಯಾರನ್ನೂ ಒರಗೋಕೆ ಬಿಡಬೇಡಿ. ಅಯಸ್ಕಾಂತ ಅಂಟಿದರೆ ನಡುವೆ ಯಾರೋ ಬದಲಿಸಿದ್ದಾರೆ ಅಂತ. ಇಷ್ಟಾದ ಮೇಲೂ ಅಂಚು ತಾಗಿದರೆ ಆಗ ಕತ್ತರಿಸಿ, ನನ್ನ ತಕರಾರಿಲ್ಲ.

ಪೇಂಟ್ ವಿಷಯ. ಮಾಲಿನ ಮೇಲಿನ ಕಪ್ಪು ಬಣ್ಣವನ್ನು ಥಿನ್ನರ್ ಬಟ್ಟೆಯಲ್ಲಿ ಉಜ್ಜಿ. ಬಿಟ್ಟುಬಂದರೆ ಅದು ಸಾಗಣೆಗೆ ಬಳಿದದ್ದು, ಪೂರ್ತಿ ತೆಗೆಯಿರಿ. ಬಿಡದಿದ್ದರೆ ಉಪ್ಪುಕಾಗದದಲ್ಲಿ ತಿಕ್ಕಿ ಪ್ರೈಮರ್ ಹೊಡೆದರೆ ಸಾಕು. ಕಕ್ಕಡ ತಿಂಗಳ (ಆಟಿ) ಮಳೆಯಲ್ಲಿ ಬರಿ ತಗಡು ರಾತ್ರಿ ಕಳೆಯೋದರಲ್ಲಿ ಕೆಂಪಾಗುತ್ತೆ, ತೆರೆದದ್ದನ್ನು ಅವತ್ತೇ ಮುಚ್ಚಿ. ಬಣ್ಣಕ್ಕೆ ಜನವರಿವರೆಗೂ ಕಾಯಿರಿ. ಕಾಫಿ ಕೊಯ್ಲಿನ ಟೈಮು, ನಿಮಗೆ ಪುರುಸೊತ್ತಿಲ್ಲ, ಗೊತ್ತು. ಕಾರನ್ನು ಕುಶಾಲನಗರದ ಕಡೆ ಕಳಿಸಿಬಿಡಿ, ಅಲ್ಲಿ ಗಾಳಿ ಒಣ. ವಾಪಸ್ ಬಂದಮೇಲೆ ಸಿಲ್ ಒಳಗೆ ತುಕ್ಕು ತಡೆಯೋ ವ್ಯಾಕ್ಸ್ ಹೊಡೆಸಿ, ಕೆಳಗಿನ ನೀರಿನ ತೂತುಗಳು ಪುಟ್ಟಿಯಲ್ಲಿ ಮುಚ್ಚಿಹೋಗಿವೆಯಾ ಅಂತ ತಂತಿ ತೂರಿಸಿ ನೋಡಿ.