‘ಬಿಗಿತುದಿ ಆಟಗಾರ’ನ ಬಗ್ಗೆ ಒಂದು ಉತ್ತರ

ಪ್ರಿಯರೇ,

ಅಮೆರಿಕನ್ ಫುಟ್‌ಬಾಲ್ ಆಟಗಾರ ಆಂಟೋನಿಯೊ ಗೇಟ್ಸ್ ಕುರಿತ ನಿಮ್ಮ ಎಂಟು ಪುಟಗಳ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೆ ಬದಿಗೆ ಎಸೆಯುವ ಬರಹವಲ್ಲ, ಅದಕ್ಕೇ ಈ ಪತ್ರ ತುಸು ಉದ್ದ.

ಮೊದಲು, ಗೇಟ್ಸ್ ಆಡುತ್ತಿದ್ದ ‘ಟೈಟ್ ಎಂಡ್’ ಸ್ಥಾನಕ್ಕೆ ನೀವು ಕೊಟ್ಟ ‘ಬಿಗಿತುದಿ ಆಟಗಾರ’ ಎಂಬ ಅನುವಾದವನ್ನು ಕೈಬಿಡಿ. ಓದಿದವರಿಗೆ ಹಗ್ಗಜಗ್ಗಾಟ ನೆನಪಾಗುತ್ತದೆ. ಟೈಟ್ ಎಂಡ್ ಎಂದೇ ಬರೆದು, ಅವನು ನಿಲ್ಲುವ ಜಾಗ ತೋರಿಸಿ. ಚೆಂಡು ಕೈಯಲ್ಲಿರುವ ತಂಡದ 11 ಮಂದಿಯಲ್ಲಿ ಕನಿಷ್ಠ 7 ಮಂದಿ ಮುಂಚೂಣಿಯ ಗೆರೆಯ ಮೇಲಿರಬೇಕು. ನಡುವಿನ ಐವರು ದೈತ್ಯರಿಗೆ ಸಾಮಾನ್ಯವಾಗಿ ಪಾಸ್ ಹಿಡಿಯುವ ಹಕ್ಕಿಲ್ಲ, ಎದುರಾಳಿಯನ್ನು ತಡೆಯುವುದೇ ಕೆಲಸ. ಐವರಲ್ಲಿ ಅಂಚಿನವನು ಟ್ಯಾಕಲ್. ಅವನ ಪಕ್ಕಕ್ಕೆ ಅಂಟಿಕೊಂಡಂತೆ, ಸಾಲಿನ ತುದಿಯಲ್ಲಿ ನಿಲ್ಲುವವನು ಟೈಟ್ ಎಂಡ್. ಅವನು ತಡೆಯಲೂ ಬೇಕು, ಓಡಿ ಚೆಂಡು ಹಿಡಿಯಲೂ ಬೇಕು.

ತಡೆಯುವ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಒಂದೇ ಒಂದು ತಡೆ, ಅಂದರೆ ಬ್ಲಾಕ್, ಹೇಗಿರುತ್ತದೆಂದು ಬರೆಯಿರಿ, ಸಾಕು. ಒಂದು ಕೈ ನೆಲಕ್ಕೂರಿ ಬಗ್ಗಿದವನು ಚೆಂಡು ಕದಲಿದೊಡನೆ ನುಗ್ಗುತ್ತಾನೆ. ಎರಡೂ ಅಂಗೈ ಎದುರಾಳಿಯ ಎದೆಗೆ ಬೀಳಬೇಕು, ಸೊಂಟ ಅವನದಕ್ಕಿಂತ ತಗ್ಗಿನಲ್ಲಿರಬೇಕು, ಪಾದಗಳು ಸಣ್ಣ ಹೆಜ್ಜೆಯಲ್ಲಿ ಆಡುತ್ತಲೇ ಇರಬೇಕು. ಮೈ ನೆಟ್ಟಗಾಯಿತೋ, ಹಿಂದಕ್ಕೆ ತಳ್ಳಿಸಿಕೊಂಡ ಹಾಗೆಯೇ. ಕೈ ಜಾರಿ ಭುಜದ ಹೊರಗೆ ಜೆರ್ಸಿ ಹಿಡಿದರೆ ‘ಹೋಲ್ಡಿಂಗ್’, 10 ಗಜ ದಂಡ.

ಇನ್ನು ಗೇಟ್ಸ್ ಕಾಲೇಜಿನಲ್ಲಿ ಆಡಿದ ಬ್ಯಾಸ್ಕೆಟ್‌ಬಾಲ್. ನಿಮ್ಮ ಕೈಯಲ್ಲಿರುವ ಒಳ್ಳೆಯ ಸರಕು ಅದೇ, ಅದನ್ನೇ ಎರಡು ಸಾಲಲ್ಲಿ ಮುಗಿಸಿದ್ದೀರಿ. ಅದರಲ್ಲೂ ಒಂದು ತಪ್ಪು: ಗೇಟ್ಸ್ ‘ಫುಟ್‌ಬಾಲ್ ಮುಟ್ಟಿಯೇ ಇರಲಿಲ್ಲ’ ಎನ್ನುತ್ತೀರಿ. ಡೆಟ್ರಾಯಿಟ್‌ನ ಹೈಸ್ಕೂಲಿನಲ್ಲಿ ಆಡಿದ್ದರು, ಕಾಲೇಜು ಪಂದ್ಯಗಳಲ್ಲಿ ಆಡಲಿಲ್ಲ. ‘ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ ಆಯ್ಕೆ’ ಎಂಬುದೂ ಸುಳ್ಳು (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್). 2003ರ 7 ಸುತ್ತುಗಳಲ್ಲಿ ಯಾವ ತಂಡವೂ ಅವರ ಹೆಸರು ಕರೆಯಲಿಲ್ಲ, ಆಮೇಲೆ ಸ್ಯಾನ್ ಡಿಯಾಗೊ ಚಾರ್ಜರ್ಸ್ ಸೇರಿಸಿಕೊಂಡಿತು.

2002ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟಕ್ಕೆ ಒಯ್ದವರಲ್ಲಿ ಒಬ್ಬರಾದ ಗೇಟ್ಸ್, ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕಡೆ ಹೋಗದೆ ಇತ್ತ ಬಂದದ್ದೇಕೆ? ಎತ್ತರ 6 ಅಡಿ 4 ಅಂಗುಲ. ಬುಟ್ಟಿಯ ಕೆಳಗೆ ಸೆಣಸುವವರಿಗೆ ಎನ್‌ಬಿಎಯಲ್ಲಿ ಅದು ಗಿಡ್ಡ. ಫುಟ್‌ಬಾಲಿನ ರಕ್ಷಕರ ಎದುರು ಅದೇ ಭಾರಿ ಎತ್ತರ. ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಮರಳಿ ಚಿಮ್ಮುವ ಚೆಂಡಿಗೆ, ಬೆನ್ನು, ಸೊಂಟಗಳಿಂದ ಎದುರಾಳಿಗೆ ಅಡ್ಡ ನಿಂತು ಜಾಗ ಹಿಡಿಯುವ ಅಭ್ಯಾಸವೇ, ಚೆಂಡು ದಾಟಿಸಿ ಅಂಕ ಗಳಿಸುವ ಟಚ್‌ಡೌನ್ ಗೆರೆಯ ಬಳಿ ನೆರವಿಗೆ ಬಂತು. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಫಿಲಿಪ್ ರಿವರ್ಸ್ ಅದನ್ನು ಗೇಟ್ಸ್‌ಗೆ ಮಾತ್ರ ಎಟುಕುವ ಕಡೆಗೆ ಎಸೆದರಾಯಿತು, ಹಿಂದಿದ್ದ ರಕ್ಷಕನಿಗೆ ಚೆಂಡು ಕಾಣುವುದೇ ಕಷ್ಟ. ಇದು ನಿಮ್ಮ ಲೇಖನದ ಎರಡು ಪುಟವಾಗಲಿ.

ಅಂಕಿಗಳ ಪಟ್ಟಿ ಬೇಡ. 2003ರಲ್ಲಿ 2 ಟಚ್‌ಡೌನ್, ಮರುವರ್ಷ 13. ಈ ಜಿಗಿತವೊಂದೇ ಓದುಗನನ್ನು ಕೂರಿಸುತ್ತದೆ. ಒಟ್ಟು 116, ಟೈಟ್ ಎಂಡ್‌ಗಳ ದಾಖಲೆ. 2017ರಲ್ಲಿ 112ನೆಯದು ಬಂದಾಗ ಅದುವರೆಗೆ ಆ ದಾಖಲೆ ಹೊಂದಿದ್ದ ಟೋನಿ ಗೊಂಜಾಲೆಜ್ ಹಿಂದೆ ಬಿದ್ದರು. ಗೊಂಜಾಲೆಜ್ ಕೂಡ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರೇ ಎಂಬುದನ್ನು ನೀವು ಹೇಗೆ ಬಿಟ್ಟಿರೋ ಗೊತ್ತಾಗಲಿಲ್ಲ.

‘ಗಾಯದಿಂದ ಬಳಲಿದರು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲನ್ನು ಬಿಗಿದಿಡುವ, ಚರ್ಮದ ಒಳಗಿನ ನಾರಿನ ಪಟ್ಟಿಯ ನೋವು ಅದು. ಓಡುತ್ತ ದಿಕ್ಕು ಬದಲಿಸಲು ಪಾದವನ್ನು ನೆಲಕ್ಕೆ ಒತ್ತಿದಾಗಲೆಲ್ಲ ಅದೇ ಪಟ್ಟಿ ಎಳೆಯುತ್ತದೆ. 2010ರಲ್ಲಿ 10 ಪಂದ್ಯ ಮಾತ್ರ ಆಡಿಯೂ 10 ಟಚ್‌ಡೌನ್ ಗಳಿಸಿದರು ಎಂಬ ಮಾತಿಗೆ ಆಗ ತೂಕ ಬರುತ್ತದೆ.

2015ರಲ್ಲಿ ನಿಷೇಧಿತ ಮದ್ದಿನ ನಿಯಮದಡಿ 4 ಪಂದ್ಯಗಳ ಅಮಾನತು ಆದದ್ದನ್ನು ಮುಚ್ಚಿಟ್ಟಿದ್ದೀರಿ. ಸೇರಿಸಿ, ಒಂದು ವಾಕ್ಯ ಸಾಕು. ಅಭಿಮಾನ ಇದ್ದರೆ ತಪ್ಪಿಲ್ಲ, ಆದರೆ ‘ದೇವರು ಕಳಿಸಿದ ಆಟಗಾರ’ ಎಂಬುದನ್ನು ಮೂರೂ ಕಡೆ ಹೊಡೆದುಹಾಕಿ.

ಕೊನೆಯ ಪುಟದಲ್ಲಿ, ಶ್ರೇಷ್ಠ ಆಟಗಾರರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ‘ತಾನಾಗಿ ಒಲಿಯಿತು’ ಎಂದಿದ್ದೀರಿ. ಒಲಿಯಲಿಲ್ಲ. 2024ರಲ್ಲಿ ಮತ ಸಾಲದೆ ತಪ್ಪಿ, 2025ರಲ್ಲಿ ಸಿಕ್ಕಿತು. ತಿದ್ದಿದ ಪ್ರತಿ ನಾಲ್ಕು ಪುಟ ಮೀರದಿರಲಿ, ಹುಟ್ಟಿದ ತಾರೀಕಿನಿಂದ ಶುರುವಾಗದಿರಲಿ.

— ಸಂಪಾದಕರು