ಕಪ್ ಗೆಲ್ಲದವನಿಗೆ ಎರಡು ಪುಟ ಯಾಕೆ?

ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: “ಹೋದ ಸಂಚಿಕೆಯಲ್ಲಿ ಹ್ಯಾರಿ ಗೋಸ್ಲಿನ್ ಅನ್ನೋ ಇಂಗ್ಲಿಷ್ ಫುಟ್‌ಬಾಲ್ ಆಟಗಾರನಿಗೆ ಎರಡು ಪುಟ ಕೊಟ್ಟಿದ್ದೀರಿ. ದೊಡ್ಡ ಕಪ್ ಒಂದೂ ಗೆದ್ದವನಲ್ಲ. ಯುದ್ಧದಲ್ಲಿ ಸತ್ತ ಲಕ್ಷಾಂತರ ಜನರಲ್ಲಿ ಒಬ್ಬ. ನಮಗೂ ಅವನಿಗೂ ಏನು ಸಂಬಂಧ?”

ಆಟಗಾರನ ಸಾವು ಉಳಿದವರ ಸಾವಿಗಿಂತ ಜಾಸ್ತಿಯೇನಲ್ಲ. ಅಷ್ಟು ಒಪ್ಪಿದೆ. ಆದರೆ ಕಪ್ ಎಣಿಸಿ ಮನುಷ್ಯನನ್ನು ಅಳೆಯೋದನ್ನು ಮಾತ್ರ ಒಪ್ಪಲಾರೆ.

1930ರಲ್ಲಿ ಬೋಲ್ಟನ್ ವಾಂಡರರ್ಸ್ ಕ್ಲಬ್ ಗೋಸ್ಲಿನ್ ಅವರನ್ನು ಬರೀ 25 ಪೌಂಡಿಗೆ ತಂದಿತು. ಮೊದಲ ಪಂದ್ಯದಲ್ಲೇ ಲಿವರ್‌ಪೂಲ್ ಎದುರು 7-2ರ ಸೋಲು. ಹಾಗೆ ಶುರುಮಾಡಿದವರು ಮುಂದೆ ತಂಡದ ನಾಯಕರಾದರು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ನುಗ್ಗಿತು. ಏಪ್ರಿಲ್ 8ರಂದು ಬೋಲ್ಟನ್ ತಂಡದ ಮೈದಾನ ಬರ್ನ್‌ಡೆನ್ ಪಾರ್ಕ್‌ನಲ್ಲಿ ಸಂಡರ್‌ಲೆಂಡ್ ಜೊತೆ ಪಂದ್ಯ. ಆಟಕ್ಕೆ ಮುಂಚೆ ಗೋಸ್ಲಿನ್ ಪ್ರೇಕ್ಷಕರ ಮುಂದೆ ನಿಂತರು. ದೇಶಕ್ಕೆ ಅಪಾಯ ಬಂದಿದೆ, ಬೇರೆ ಯಾರಾದರೂ ನೋಡಿಕೊಳ್ಳಲಿ ಅಂತ ಬಿಡೋ ಹಾಗಿಲ್ಲ ಅಂದರು. ಮಾತಾಡೋದು ಸುಲಭ, ಅಲ್ವಾ? ಇವರು ತಮ್ಮ ಹುಡುಗರ ಜೊತೆ ಹೋಗಿ ಸೈನ್ಯಕ್ಕೆ ಹೆಸರನ್ನೂ ಬರೆಸಿದರು. ಸೇರಿದ್ದು 53ನೇ ಫೀಲ್ಡ್ ರೆಜಿಮೆಂಟ್, ಫಿರಂಗಿ ದಳ. ಯುದ್ಧದ ದಿನಗಳಲ್ಲಿ ಇಂಗ್ಲೆಂಡ್ ಪರವಾಗಿಯೂ ಆಡಿದರು. ಆ ಪಂದ್ಯಗಳನ್ನು ಅಧಿಕೃತ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಅಂಕಿಪಟ್ಟಿಯಲ್ಲಿ ಹುಡುಕಿದರೆ ಇಂಥವರು ಹೇಗೆ ಸಿಗ್ತಾರೆ?

ಇನ್ನು ಸಂಬಂಧದ ಮಾತು. ಆ ರೆಜಿಮೆಂಟ್ ಇಟಲಿಯಲ್ಲಿ ಹೋರಾಡಿದ್ದು ಬ್ರಿಟಿಷ್ ಆಳ್ವಿಕೆಯ ಭಾರತೀಯ ಸೈನ್ಯದ 8ನೇ ಇಂಡಿಯನ್ ಡಿವಿಷನ್‌ನಲ್ಲಿ. ನಮ್ಮ ಸೈನಿಕರು ಮುಂದೆ ನುಗ್ಗುವಾಗ ಬೆನ್ನಿಗಿದ್ದದ್ದು ಈ ಫಿರಂಗಿಗಳು. 1943ರ ಡಿಸೆಂಬರ್‌ನಲ್ಲಿ ಶೆಲ್ಲಿನ ಚೂರು ಗೋಸ್ಲಿನ್ ಬೆನ್ನಿಗೆ ಹೊಕ್ಕಿತು. ಕೆಲವೇ ದಿನಗಳಲ್ಲಿ ತೀರಿಕೊಂಡರು, 34ನೇ ವಯಸ್ಸಿಗೆ. ಅವರ ಸಮಾಧಿ ಸಾಂಗ್ರೋ ನದಿ ಬಳಿಯ ಯೋಧರ ಸ್ಮಶಾನದಲ್ಲಿದೆ. ಅಲ್ಲೇ, ಸತ್ತ ಮೇಲೆ ದಹನ ಮಾಡಲಾದ ಭಾರತೀಯ ಸೈನಿಕರ ಸ್ಮಾರಕವೂ ಇದೆ. 500ಕ್ಕೂ ಹೆಚ್ಚು ಹೆಸರುಗಳು. ಅವರಲ್ಲಿ ಕುಸ್ತಿ ಆಡ್ತಿದ್ದವರು ಯಾರು, ಕಬಡ್ಡಿಯಲ್ಲಿ ಊರಿಗೇ ಹೆಸರಾದವರು ಯಾರು? ಬೋಲ್ಟನ್ ಊರು ತನ್ನ ನಾಯಕ ಮೈದಾನದಲ್ಲಿ ಆಡಿದ ಮಾತನ್ನೂ ಕಾಪಾಡಿಕೊಂಡಿದೆ. ನಮ್ಮ ಶಾಲೆಯ ಪಾಠದಲ್ಲಿ ಇಟಲಿಗೆ ಹೋದ ನಮ್ಮವರ ಸುದ್ದಿಯೇ ಇಲ್ಲ. ಸಿಟ್ಟು ಬರಬೇಕಾದ್ದು ಇದಕ್ಕೆ ಸಾರ್, ನಮ್ಮ ಎರಡು ಪುಟಕ್ಕಲ್ಲ.

ಇವತ್ತಿಗೂ ಅದೇ ಕಥೆ. ಕ್ರೀಡಾ ಪುಟ ತುಂಬ ಸ್ಕೋರು, ಹರಾಜಿನ ಬೆಲೆ. ಜಿಲ್ಲಾ ತಂಡಕ್ಕೆ ವರ್ಷಗಟ್ಟಲೆ ಆಡಿದವರು ತೀರಿಕೊಂಡರೆ ಮೂಲೆಯಲ್ಲಿ ಎರಡು ಸಾಲು. ನೀವು ಇಷ್ಟು ಶ್ರದ್ಧೆಯಿಂದ ಕಾಗದ ಬರೆಯೋರು. ನಿಮ್ಮೂರಿನ ಹಳೇ ಆಟಗಾರರೊಬ್ಬರ ಮನೆಗೆ ಹೋಗಿ, ಮಾತಾಡಿಸಿ, ಬರೆದು ಕಳಿಸಿ. ಕಪ್ ಗೆದ್ದಿರಲಿ ಬಿಡಲಿ, ಎರಡು ಪುಟ ಅವರಿಗೂ ಕೊಡುತ್ತೇವೆ.

– ಸಂಪಾದಕ